ಅಕ್ಕನಿಗೆ ಮನಸ್ಸಿಲ್ಲವೆಂದೆ

ಅಕ್ಕನ ಪರವಾಗಿ ನಾನು ‘ಹೂಂ’ ಎನ್ನಬೇಕಿತ್ತು. ಅಷ್ಟೇ. ಅನ್ನಲಿಲ್ಲ. ಹೇಳಿದ್ದು ಸುಳ್ಳು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಅಕ್ಕ ಹತ್ತು ಪಾಸು. ಗಂಡನ ಮನೆಯಲ್ಲಿ ಬಾಳುವೆ ಆಗದೆ ನಮ್ಮಲ್ಲಿಗೆ ಬಂದು ಎರಡು ವರ್ಷವಾಗಿತ್ತು. ದೇವರ ಹಿಪ್ಪರಗಿಯ ಸಂತೆಗೆ ಹೋದಾಗ ಬಟ್ಟೆ ಅಂಗಡಿಯಲ್ಲಿ ಪಕ್ಕದ ಹೆಂಗಸಿಗೆ ಸೀರೆಯ ಬಣ್ಣ ಆರಿಸಿಕೊಟ್ಟಳಂತೆ. ಅದನ್ನು ನೋಡಿದ ಅಂಗಡಿಯವರು, ಸೀರೆ ತೋರಿಸುವ ಕೆಲಸಕ್ಕೆ ಕರೆಯಲು ನಮ್ಮ ಮನೆಗೇ ಬಂದರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಅಕ್ಕ ಚಹಾ ಕೊಟ್ಟು ಬಾಗಿಲ ಹಿಂದೆ ನಿಂತಳು.

“ನೀವು ಹೂಂ ಅಂದ್ರ ನಾಳಿಂದನ ಬರ್ಲಿರಿ,” ಎಂದರು. ಕೇಳಿದ್ದು ನನ್ನನ್ನು.

ಅವರು ಕರೆಯಲು ಬರುವ ಸುದ್ದಿ ಸಂತೆಯಿಂದಲೇ ಊರಿಗೆ ಮುಟ್ಟಿತ್ತು. ಹಿಂದಿನ ದಿನ ಚಹಾದಂಗಡಿಯಲ್ಲಿ ಗೆಳೆಯನೊಬ್ಬ, “ಇನ್ನ ಅಕ್ಕ ದುಡೀತಾಳ, ನೀ ಮನ್ಯಾಗ ರೊಟ್ಟಿ ಬಡಿ ಲೇ,” ಎಂದಿದ್ದ. ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ.

“ಆಕಿಗೆ ಮನಸ್ಸಿಲ್ರಿ,” ಎಂದುಬಿಟ್ಟೆ.

ನಾನೇ ಬೇಡವೆಂದಿದ್ದರೆ ತಪ್ಪು ನನ್ನದಾಗುತ್ತಿತ್ತು. ಹೀಗೆ ಹೇಳಿ ಅವಳದು ಮಾಡಿದೆ.

ಮರುದಿನ ಅಕ್ಕ ನೆರೆಯವರ ಹೊಲಕ್ಕೆ ಮುಯ್ಯಾಳಾಗಿ ತೊಗರಿ ಕೊಯ್ಯಲು ಹೋದಳು. ಇವತ್ತು ಅವರ ಹೊಲದಲ್ಲಿ ನಾವು, ನಾಳೆ ನಮ್ಮದರಲ್ಲಿ ಅವರು, ಪಗಾರವಿಲ್ಲ. ದಿನವಿಡೀ ಬಿಸಿಲಲ್ಲಿ ಗಂಡಸರ ನಡುವೆ ಬಗ್ಗಿ ದುಡಿದರೂ ಯಾರ ಮಾನವೂ ಹೋಗಲಿಲ್ಲ. ಅದೇ ಕೈ ನೆರಳಲ್ಲಿ ಸೀರೆ ಮಡಚಿ ಪಗಾರ ತಂದರೆ ಮಾನ ಹೋಗುತ್ತಿತ್ತು.

ಆಮೇಲೆ ದಿನವೂ ಅವಳು ನಸುಕಿಗೇ ಎದ್ದು ರೊಟ್ಟಿ ಮಾಡಲು ಕುಳಿತುಕೊಳ್ಳುತ್ತಿದ್ದಳು. ಬೆಳಗಿನ ಬಸ್ಸು ಹಾರ್ನ್ ಹೊಡೆದರೆ ಹಿಟ್ಟು ನಾದುವ ಕೈ ಗಳಿಗೆ ಹೊತ್ತು ನಿಲ್ಲುತ್ತಿತ್ತು. ನೋಡಲಾಗದೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಹೊರಗೆ ಅದೇ ಚಹಾದಂಗಡಿ, ಅದೇ ಗೆಳೆಯರು.

ಹೋದ ಸುಗ್ಗಿಯಲ್ಲಿ ಮುಯ್ಯಾಳುಗಳು ನಮ್ಮ ಹೊಲದಲ್ಲಿ ಊಟಕ್ಕೆ ಕುಳಿತಿದ್ದಾಗ ನೆರೆಯಾಕೆ, “ಅಂಗಡಿಯವರು ಮನಿ ತನಕ ಬಂದ್ರೂ ಒಲ್ಲೆ ಅಂದಾಕಿ ಈಕಿ. ಭಾಳ ಸೊಕ್ಕಿನಾಕಿ ಬಿಡ್ರಿ,” ಎಂದು ನಗೆಯಾಡಿದಳು. ಅಕ್ಕ ತಲೆ ಎತ್ತಲಿಲ್ಲ, ರೊಟ್ಟಿ ಮುರಿಯುತ್ತಲೇ ಇದ್ದಳು. ಚಹಾದಂಗಡಿಯ ಆ ಗೆಳೆಯನೂ ಎದುರಿಗೇ ಕುಳಿತಿದ್ದ. ಆದರೂ ಎಲ್ಲರಿಗೂ ಕೇಳುವಂತೆ ಹೇಳಿದೆ:

“ಅಕ್ಕಾ, ನಿನಗ ಮನಸ್ಸಿತ್ತು. ಇಲ್ಲಂತ ನಾನ ಸುಳ್ಳ ಹೇಳಿದ್ದೆ. ತಪ್ಪಾತು.”