ಏಳನೇ ಕೋಣೆಯ ಕುರ್ಚಿ

ನಮ್ಮ ಚಿಕ್ಕಮ್ಮ ವೃದ್ಧಾಶ್ರಮವೊಂದರಲ್ಲಿ ಇಪ್ಪತ್ತು ವರ್ಷದಿಂದ ಆಯಾ. ದುಡಿದು ದುಡಿದು ಹಣ್ಣಾಗಿದ್ದಾಳೆ. ಅವಳಿಗೀಗ ಅರವತ್ತೆರಡು, ಅವಳು ದಿನಾ ಎತ್ತಿ ಸ್ನಾನಕ್ಕೆ ಕೂರಿಸುವ ಏಳನೇ ಕೋಣೆಯ ಹೆಂಗಸಿಗೆ ಬರೀ ಅರವತ್ತು. ಇದನ್ನು ಹೇಳಹೋದರೆ ಅಲ್ಲಿನ ಮ್ಯಾನೇಜರಿಗೆ ಜಾಣಕಿವುಡು.

ಮೊನ್ನೆ ಆ ಹೆಂಗಸನ್ನು ಹಜಾರಕ್ಕೆ ಬಿಟ್ಟುಬಂದು, ಹಾಸಿಗೆಯ ಹೊದಿಕೆ ಬದಲಾಯಿಸುವಷ್ಟರಲ್ಲಿ ಚಿಕ್ಕಮ್ಮನ ಸೊಂಟ ಹಿಡಿದುಕೊಂಡಿತು. ಅಲ್ಲೇ ಕುರ್ಚಿಯಲ್ಲಿ ಕುಸಿದಳು. ಆಗಲೇ, ವಯಸ್ಸಾದವರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಒಳಗೆ ಬಂದು, ಫಾರ್ಮಿನ ಮೇಲೆ ‘ಕೋಣೆ ಏಳು’ ಎಂದು ಬರೆದುಕೊಂಡಳು.

“ಅಜ್ಜಿ, ಮಂಡಿ ನೋವಿದೆಯಾ?”

“ಇಲ್ದೆ ಏನು? ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ.”

“ನಿದ್ದೆ ಬರುತ್ತಾ?”

“ಮಲಗ್ತೀನಿ. ಅದು ಬರಲ್ಲ.”

“ಬೇಜಾರಾದ್ರೆ ಯಾರ ಹತ್ರ ಹೇಳ್ಕೋತೀರಿ?”

“ಯಾರಿಗೆ ಪುರುಸೊತ್ತಿದೆ ತಾಯಿ?”

“ಇಲ್ಲಿ ನಿಮ್ಮನ್ನ ಯಾರು ನೋಡ್ಕೋತಾರೆ?”

ಚಿಕ್ಕಮ್ಮ ಹುಡುಗಿಯ ಮುಖವನ್ನೇ ನೋಡಿದಳು. “ಎಲ್ರನ್ನೂ ನೋಡ್ಕೊಳ್ಳೋಳು ನಾನೇ ಕಣಮ್ಮ. ನಾನಿಲ್ಲಿ ಆಯಾ.”

ಹುಡುಗಿ ನಾಚಿ, ತಪ್ಪಾಯ್ತೆಂದು ಫಾರ್ಮು ಹರಿಯಹೋದಳು.

ಚಿಕ್ಕಮ್ಮ ಅವಳ ಕೈ ಹಿಡಿದಳು. “ಹರೀಬೇಡ. ಹೇಳಿದ್ದೆಲ್ಲ ನಿಜಾನೇ. ಕೋಣೆ ನಂಬರ್ ಮಾತ್ರ ಹೊಡೆದುಹಾಕು, ಸಾಕು.”