ಅಕ್ಕನ ಎರಡು ನಿಮಿಷ ನಲವತ್ತು ಸೆಕೆಂಡು

ಅದು ಅವರೆಕಾಯಿ ಕಾಲದ ಒಂದು ಭಾನುವಾರ. ಬಸವೇಶ್ವರನಗರದಲ್ಲಿ ಅಕ್ಕನ ಮನೆಯ ವರಾಂಡದಲ್ಲಿ ಹಳೆಯ ಪೇಪರ್ ಹಾಸಿ, ಹಿಂದಿನ ದಿನ ನೆನೆಸಿಟ್ಟಿದ್ದ ಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಹಿಚುಕುತ್ತ ಕೂತಿದ್ದೆವು. ಅಕ್ಕ ಹಿಚುಕಿದರೆ ಬೇಳೆ ನೇರವಾಗಿ ಬಟ್ಟಲಿಗೆ ಬೀಳುತ್ತಿತ್ತು. ನಾನು ಹಿಚುಕಿದ್ದು ಹಾರಿಹೋಗಿ ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಸೇರುತ್ತಿತ್ತು.

"ಹೋಗ್ಲಿ ಬಿಡು, ಚಪ್ಪಲಿಗಳೂ ಒಂದಿನ ಹಿಚುಕಿದ ಬೇಳೆ ಸಾರು ತಿನ್ಲಿ" ಎಂದಳು.

ಕಾಳು ಮುಗಿದ ಮೇಲೆ ಕೈ ಒರೆಸಿಕೊಂಡು ಒಳಗೆ ಹೋಗಿ ತನ್ನ ಫೋನು ತಂದು ನನ್ನ ಮಡಿಲಿಗೆ ಹಾಕಿದಳು. ಮತ್ತೆ ತುಂಬಿಹೋಗಿದೆ, ಒಂದು ಫೋಟೋ ತೆಗೆಯಲೂ ಬಿಡುತ್ತಿಲ್ಲ ಎಂದು ದೂರು.

ನಮ್ಮಿಬ್ಬರಲ್ಲಿ ಹಾಗೊಂದು ಹಂಚಿಕೆಯಿತ್ತು. ಮನೆಯ ವಿಷಯವೆಲ್ಲ ಅವಳದು, ಫೋನಿನ ವಿಷಯ ನನ್ನದು. ನಾನು ವಿಜಯನಗರದ ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಮನೆ ಕೆಂಗೇರಿಯಲ್ಲಿ. ದಿನವೂ ಕಂಪ್ಯೂಟರಿನ ಮುಂದೆ ಕೂರುವವಳಾದ್ದರಿಂದ ನೆಂಟರ ಫೋನುಗಳೆಲ್ಲ ಕೊನೆಗೆ ನನ್ನ ಕೈಗೇ ಬರುತ್ತಿದ್ದವು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮ ಬೇಗ ಹೋದ್ದರಿಂದ ನನಗೆ ಒಲೆ ಹಚ್ಚುವುದರಿಂದ ಹಿಡಿದು ಎಲ್ಲ ಕಲಿಸಿದವಳು ಅವಳೇ. ಕುಕ್ಕರಿನ ರಬ್ಬರ್ ಸಡಿಲವಾದರೆ ಸ್ವಲ್ಪ ಹೊತ್ತು ಫ್ರೀಜರಿನಲ್ಲಿಡು, ರವೆ ತಂದ ದಿನವೇ ಹುರಿದಿಡು, ತೊಗರಿಬೇಳೆ ಡಬ್ಬಿಗೆ ನಾಲ್ಕು ಒಣಮೆಣಸಿನಕಾಯಿ ಹಾಕು, ಕೊತ್ತಂಬರಿ ಸೊಪ್ಪನ್ನು ತೊಳೆಯದೆ ಪೇಪರಿನಲ್ಲಿ ಸುತ್ತು. ಇಂಥವು ದಿನಕ್ಕೊಂದಾದರೂ ಬರುತ್ತಿದ್ದವು.

ಅವಳಿಗೆ ಫೋನಿನಲ್ಲಿ ಕನ್ನಡ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಎಲ್ಲವನ್ನೂ ವಾಯ್ಸ್ ಮೆಸೇಜಿನಲ್ಲಿ ಹೇಳುತ್ತಿದ್ದಳು. ಅದನ್ನೂ ಫೋನಿನಲ್ಲಿ ಮಾತಾಡಿದ ಹಾಗೆಯೇ ಹೇಳುವಳು. "ನೋಡೇ" ಎಂದು ಶುರು ಮಾಡಿ, ನಡುವೆ "ಊಟ ಆಯ್ತಾ?" ಎಂದು ಕೇಳಿ, ನಾನು ಉತ್ತರ ಕೊಡುವಷ್ಟು ಹೊತ್ತು ಸುಮ್ಮನಿದ್ದು, "ಆಯ್ತು, ಇಡ್ತೀನಿ" ಎಂದು ಮುಗಿಸುವಳು. ನನಗೆ ಅಷ್ಟು ಕಾಯುವ ವ್ಯವಧಾನವಿರಲಿಲ್ಲ. ಮೆಟ್ರೋದಲ್ಲಿ ನಿಂತು ಎರಡು ಪಟ್ಟು ವೇಗದಲ್ಲಿ ಕೇಳಿ, ಕೇಳಿದ ತಕ್ಷಣ ಅಳಿಸಿಬಿಡುತ್ತಿದ್ದೆ. ಫೋನು ಹಗುರವಾಗಿರಬೇಕು ಎನ್ನುವುದು ನನ್ನ ನಿಯಮ. ಶಾಲೆಯ ಟೀಚರುಗಳಿಗೂ ಅದನ್ನೇ ಹೇಳಿಕೊಡುತ್ತಿದ್ದೆ.

ಆ ಭಾನುವಾರ ಅಕ್ಕನ ಫೋನಿನಲ್ಲಿದ್ದ ಶುಭೋದಯದ ಹೂವುಗಳು, ದೇವರ ಪಟಗಳು, ಹಳೆಯ ಮಾತುಕತೆ ಎಲ್ಲವನ್ನೂ ಅಳಿಸಿದೆ. ಇನ್ನು ಮುಂದೆ ತುಂಬಿಕೊಳ್ಳದಿರಲಿ ಎಂದು ನಮ್ಮಿಬ್ಬರ ನಡುವಿನ ಮೆಸೇಜುಗಳು ಏಳು ದಿನಕ್ಕೆ ತಾವಾಗಿಯೇ ಅಳಿದುಹೋಗುವಂತೆ ಸೆಟ್ಟಿಂಗ್ ಹಾಕಿದೆ. ಇಬ್ಬರ ಫೋನಿನಲ್ಲೂ ಹೋಗುತ್ತದೆ ಎಂದು ವಿವರಿಸಿದೆ.

"ತಾನಾಗೇ ಹೋಗತ್ತಾ? ನಮ್ಮನೆ ಪಾತ್ರೆಗಳಿಗೂ ಒಂದು ಹಾಕ್ಕೊಡು" ಎಂದಳು.

ಹೊರಡುವಾಗ ಹಿಚುಕಿದ ಬೇಳೆಯಲ್ಲಿ ಅರ್ಧವನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಟ್ಟಳು. ನಾನು ಹೋಗಿಬರ್ತೀನಿ ಎಂದೆ. ಅವಳು ಗೇಟಿನ ಚಿಲಕ ಹಾಕಿಕೊಂಡಳು. ಅಷ್ಟೇ.

ಸೋಮವಾರ ಮಧ್ಯಾಹ್ನ, ಬೇಳೆ ಎಷ್ಟು ದಿನ ಕೆಡದೆ ಇರುತ್ತದೆ ಎಂದು ಅವಳಿಗೆ ಬರೆದು ಕೇಳಿದೆ. ಸಂಜೆ ಕೆಲಸ ಮುಗಿಸಿ ಮೆಟ್ರೋ ಹತ್ತುವಾಗ ಉತ್ತರ ಬಂತು. ಎರಡು ನಿಮಿಷ ನಲವತ್ತು ಸೆಕೆಂಡು. ಬೋಗಿಯಲ್ಲಿ ಕೈ ಆಡಿಸಲೂ ಜಾಗವಿರಲಿಲ್ಲ. ಮನೆಗೆ ಹೋಗಿ ಕೇಳೋಣ ಎಂದುಕೊಂಡೆ. ಮನೆಗೆ ಹೋದ ಮೇಲೆ ಬಟ್ಟೆ ಮಡಚುವುದು, ಅಡುಗೆ, ಏನೇನೋ. ನಾಳೆ ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಅವಳು ಕುಂಡಗಳಿಗೆ ನೀರು ಹಾಕಿ ಒಳಗೆ ಬಂದು ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತಳಂತೆ. ಮನೆಯಲ್ಲಿ ಇದ್ದವರು ಅವಳು ಮತ್ತು ಅವಳ ಮಗಳು ಇಬ್ಬರೇ. ಭಾವ ಹೋಗಿ ಆರು ವರ್ಷವಾಗಿತ್ತು. ಮಗಳು ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು.

ಆ ದಿನಗಳಲ್ಲಿ ಆ ಮೆಸೇಜನ್ನು ನಾನು ಮರೆತಿರಲಿಲ್ಲ. ದಿನಕ್ಕೆ ಹತ್ತು ಸಲ ಫೋನು ತೆಗೆದು ಅದು ಅಲ್ಲಿದೆಯೇ ಎಂದು ನೋಡುತ್ತಿದ್ದೆ. ಕೇಳಲಿಲ್ಲ. ಕೇಳಿಬಿಟ್ಟರೆ ಅವಳು ನನಗೆ ಹೇಳುವುದು ಇನ್ನೇನೂ ಉಳಿಯುವುದಿಲ್ಲ ಅನ್ನಿಸುತ್ತಿತ್ತು. ಹನ್ನೊಂದನೇ ದಿನದ ಕಾರ್ಯ ಮುಗಿಯಲಿ, ಅವಳ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳೋಣ, ವೇಗ ಹೆಚ್ಚಿಸದೆ, ಅವಳು ಮಾತಾಡಿದಷ್ಟೇ ನಿಧಾನಕ್ಕೆ ಕೇಳೋಣ ಎಂದು ನಿರ್ಧಾರ ಮಾಡಿದ್ದೆ. ಊರಿಗೆಲ್ಲ ಫೋನಿನ ಪಾಠ ಹೇಳುವ ನನಗೆ, ನನ್ನ ಕೈಯಾರೆ ಹಾಕಿದ ಏಳು ದಿನದ ಲೆಕ್ಕ ಒಮ್ಮೆಯೂ ನೆನಪಾಗಲಿಲ್ಲ. ಎರಡನೇ ವಾರವೆಲ್ಲ, ಬಂದವರಿಗೆ ಊಟ, ಪುರೋಹಿತರು, ಸಾಮಾನು ಎಂದು ಓಡಾಟ. ಫೋನು ತೆಗೆದು ನೋಡುವುದೂ ನಿಂತುಹೋಗಿತ್ತು.

ಹನ್ನೊಂದನೇ ದಿನ ಎಡೆಯಲ್ಲಿ ಅವಳಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ನೆಂಟರ ಊಟ ಮುಗಿದು, ಮನೆ ಖಾಲಿಯಾದ ಮೇಲೆ ಮಗಳು ನನ್ನ ಹತ್ತಿರ ಬಂದು ಕೂತಳು. ಒಂದೇ ಮನೆಯಲ್ಲಿದ್ದವರು, ಅವಳಿಗೆ ಅಮ್ಮ ಮೆಸೇಜು ಕಳಿಸಿದ್ದೇ ಇಲ್ಲ. ಮದುವೆ ಮುಂಜಿಯ ವೀಡಿಯೋಗಳಲ್ಲಿ ಬರೀ ವಾಲಗದ ಸದ್ದು.

"ಚಿಕ್ಕಮ್ಮ, ನಿಮ್ಮ ಫೋನಲ್ಲಿ ಅಮ್ಮನ ವಾಯ್ಸ್ ಇರತ್ತಲ್ವಾ?"

ತೆಗೆದೆ. ಏನೂ ಇರಲಿಲ್ಲ. ಖಾಲಿ ಪರದೆಯ ಮಧ್ಯೆ ಸಣ್ಣ ಅಕ್ಷರದ ಒಂದೇ ಸಾಲು ಉಳಿದಿತ್ತು. ಏಳು ದಿನದ ಸೆಟ್ಟಿಂಗನ್ನು ಅಕ್ಕ ಆನ್ ಮಾಡಿದ್ದಾಳೆ ಎಂದು ಬರೆದಿತ್ತು. ಅವಳ ಫೋನಿನಿಂದ ಮಾಡಿದ್ದರಿಂದ ಅವಳ ಲೆಕ್ಕಕ್ಕೇ ಬಂದಿತ್ತು.

ಮಗಳು ಬಗ್ಗಿ ಓದಿದಳು. "ಅಮ್ಮಂಗೆ ಇದೆಲ್ಲ ಎಲ್ಲಿ ಬರ್ತಿತ್ತು?"

"ನಾನು ಮಾಡಿದ್ದು ಕಣೇ" ಎಂದೆ.

ಅವಳು ನನ್ನ ಕೈಯಿಂದ ಫೋನು ತೆಗೆದು ಚಾರ್ಜಿಗೆ ಹಾಕಿ, ಮಿಕ್ಕ ಎಲೆಗಳನ್ನು ಎತ್ತಲು ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ವಿಜಯನಗರದಲ್ಲಿ ಫೋನು ರಿಪೇರಿ ಮಾಡುವ ಅಂಗಡಿಗೆ ಎರಡೂ ಫೋನು ತೆಗೆದುಕೊಂಡು ಹೋದೆ. ಅಂಗಡಿಯವರು ಅರ್ಧ ಗಂಟೆ ನೋಡಿದರು. ಬ್ಯಾಕಪ್ಪನ್ನೂ ಜಾಗ ಉಳಿಸಲೆಂದು ನಾನೇ ನಿಲ್ಲಿಸಿದ್ದೆ. "ಆಂಟಿ, ಇದು ಹೋಗ್ಲಿ ಅಂತಾನೇ ಮಾಡಿರೋದು. ಬರಲ್ಲ" ಎಂದು ಹೇಳಿ ಫೋನುಗಳನ್ನು ಒರೆಸಿ ಹಿಂದಕ್ಕೆ ಕೊಟ್ಟರು.

ಈಗ ನಾನು ಯಾರ ಮಾತನ್ನೂ ವೇಗ ಹೆಚ್ಚಿಸಿ ಕೇಳುವುದಿಲ್ಲ. ಆದರೆ ಅಕ್ಕನನ್ನು ನೆನೆದಾಗ ನನ್ನ ಕಿವಿಯಲ್ಲಿ ಬರುವ ದನಿ ಅವಳದಲ್ಲ. ಅದು ಎರಡು ಪಟ್ಟು ವೇಗದ ದನಿ, ನಾನು ಮೆಟ್ರೋದಲ್ಲಿ ಕೇಳಿದ್ದು. ಅವಳು ನನಗಾಗಿ ಸುಮ್ಮನಿರುತ್ತಿದ್ದ ಆ ಹೊತ್ತು ಅದರಲ್ಲಿ ಇಲ್ಲವೇ ಇಲ್ಲ. ಅವಳು ಹೇಳಿದ ಉಳಿದದ್ದೆಲ್ಲ ಕೈಗೆ ಅಂಟಿಕೊಂಡಿದೆ. ಮೊನ್ನೆ ಕುಕ್ಕರು ಪಕ್ಕದಿಂದ ಹಬೆ ಬಿಟ್ಟಾಗ ಯೋಚಿಸದೆಯೇ ರಬ್ಬರ್ ಬಿಚ್ಚಿ ಫ್ರೀಜರಿನಲ್ಲಿಟ್ಟೆ. ಅಲ್ಲಿ ಆ ಸ್ಟೀಲ್ ಡಬ್ಬಿ ಇನ್ನೂ ಇದೆ. ಬೇಳೆಗೆ ಮಂಜು ಕಟ್ಟಿದೆ. ಬಳಸಲೂ ಇಲ್ಲ, ಚೆಲ್ಲಲೂ ಇಲ್ಲ.

ಬೇಳೆ ಎಷ್ಟು ದಿನ ಇರುತ್ತದೆ ಎಂದು ಹೇಳಲು ಹತ್ತು ಸೆಕೆಂಡು ಸಾಕು. ಉಳಿದ ಎರಡೂವರೆ ನಿಮಿಷ ಅಕ್ಕ ಏನು ಹೇಳಿದಳು ಎಂದು ನನಗೆ ಗೊತ್ತಿಲ್ಲ.