ತೆರೆಸಿಗಾಗಿ ನಲವತ್ತು ದಿನದ ಬಸ್ಕಿ

ಆ ದಿನಗಳಲ್ಲಿ ನಮ್ಮ ಬೋರ್ಡಿಂಗ್ ಶಾಲೆಯಲ್ಲಿ ಎಲ್ಲಕ್ಕೂ ಗಂಟೆಯಿತ್ತು. ಮೊದಲ ಗಂಟೆಗೆ ಏಳುವುದು, ಚಾಪೆ ಸುತ್ತುವುದು. ಎರಡನೆಯದಕ್ಕೆ ಮುಖ ತೊಳೆದು ಅಂಗಳದಲ್ಲಿ ಸಾಲಾಗಿ ನಿಲ್ಲುವುದು. ಮೊದಲು ಡ್ರಿಲ್ಲು, ಆಮೇಲೆ ಚರ್ಚಿನಲ್ಲಿ ಪೂಜೆ, ಆಮೇಲೆ ರಾಗಿ ಅಂಬಲಿ. ಶಾಲೆ ಇದ್ದದ್ದು ಹೊಸೂರಿನ ಆಚೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ನನಗೆ ಹತ್ತು ವರ್ಷ.

ಡ್ರಿಲ್ ಮಾಡಿಸುತ್ತಿದ್ದವರು ಅಂತೋಣಿ ಮೇಷ್ಟ್ರು, ಹಿಂದೆ ಸಿಪಾಯಿಯಾಗಿದ್ದವರು. ಸೋಮಾರಿ ಮೈಯಲ್ಲಿ ಭಕ್ತಿ ನಿಲ್ಲುವುದಿಲ್ಲ ಎನ್ನುತ್ತಿದ್ದರು. ಆ ವರ್ಷ ತಪಸ್ಸುಕಾಲ, ಅಂದರೆ ಈಸ್ಟರಿಗೆ ಮುಂಚೆ ಭಾನುವಾರಗಳನ್ನು ಬಿಟ್ಟು ನಲವತ್ತು ದಿನಗಳ ಉಪವಾಸ, ಶುರುವಾದಾಗ ಅವರು ಹೊಸ ಪದ್ಧತಿ ತಂದರು. ಮೊದಲ ದಿನ ಒಂದು ಬಸ್ಕಿ, ಮಾರನೆಯ ದಿನ ಎರಡು, ಹೀಗೆ ಕೊನೆಯ ದಿನ ನಲವತ್ತು.

"ಸುಮ್ನೆ ಕುಂತು ಎದ್ರೆ ಆಗಕಿಲ್ಲ. ಒಬ್ಬೊಬ್ನೂ ಒಂದು ಬೇಡಿಕೆ ಮನ್ಸಲ್ಲಿ ಇಟ್ಕಂಡು ಮಾಡ್ಬೇಕು. ತಪ್ಪದೆ ಮುಗಿಸ್ದೋನಿಗೆ ದೇವ್ರು ಕೊಡ್ತಾನೆ."

"ಕೋಳಿ ಸಾರು ಕೇಳ್ಬೋದಾ ಮೇಷ್ಟ್ರೇ?" ಎಂದ ನನ್ನ ಸಾಲಿನಲ್ಲಿದ್ದ ಚಿನ್ನಪ್ಪ.

"ನೀನು ಐದು ಜಾಸ್ತಿ ಹೊಡಿಲಾ!"

ನಾನು ನಗಲಿಲ್ಲ. ನನ್ನ ತಂಗಿ ತೆರೆಸಿಗೆ ಐದು ವರ್ಷ. ಹಿಂದಿನ ಮಳೆಗಾಲದಲ್ಲಿ ಬಂದ ಜ್ವರ ಅವಳ ಎರಡೂ ಕಾಲುಗಳ ಶಕ್ತಿಯನ್ನು ಕೊಂಡುಹೋಗಿತ್ತು. ಬಾಗಲೂರಿನ ಹತ್ತಿರದ ನಮ್ಮ ಊರಲ್ಲಿ ಅವಳು ಮನೆಯೊಳಗೆ ತೆವಳುತ್ತಿದ್ದಳು. ನಾನು ಒಮ್ಮೆ ಎದ್ದರೆ ಅವಳು ಒಮ್ಮೆ ಎದ್ದ ಹಾಗೆ ಎಂದು ನಿಶ್ಚಯಿಸಿಕೊಂಡೆ.

ಭಾನುವಾರ ಡ್ರಿಲ್ ಇರುತ್ತಿರಲಿಲ್ಲ. ಕಾಯಿಲೆಗೇನು ಭಾನುವಾರ? ಸೌದೆ ಕೊಟ್ಟಿಗೆಯ ಹಿಂದೆ ನಿಂತು, ಶನಿವಾರದಷ್ಟನ್ನೇ ಇನ್ನೊಮ್ಮೆ ಮಾಡುತ್ತಿದ್ದೆ. ಅಡುಗೆಮನೆಯಿಂದ ಹುರುಳಿ ಬೇಯುವ ವಾಸನೆ ಬರುತ್ತಿತ್ತು. ಮೂವತ್ತು ದಾಟಿದ ಮೇಲೆ ಮೆಟ್ಟಿಲು ಇಳಿಯುವಾಗ ತೊಡೆಗಳು ನಡುಗುತ್ತಿದ್ದವು. ಆ ನಡುಕ ನನಗೆ ಸಂತೋಷ ಕೊಡುತ್ತಿತ್ತು. ತಪಸ್ಸುಕಾಲ ಮುಗಿಯುವ ತನಕ ಆಟ ಬೇಡವೆಂದು ನನ್ನ ಬುಗುರಿಯನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ.

ನಲವತ್ತೂ ಮುಗಿದವು. ಈಸ್ಟರ್ ದಿನ ಅಪ್ಪ ಕರೆದೊಯ್ಯಲು ಬಂದರು.

"ತೆರೆಸಿ ಎದ್ದು ಓಡಾಡ್ತಾವ್ಳಾ ಅಪ್ಪ?"

"ಎಲ್ಲಿ ಮಗಾ, ಹಂಗೇ ಅವ್ಳೆ."

ಅಪ್ಪ ಮನೆ ಬಿಟ್ಟದ್ದು ನಸುಕಿನಲ್ಲಿ. ತೆರೆಸಿ ಆಮೇಲೆ ಎದ್ದು ನಿಂತಿರಬೇಕು ಎಂದುಕೊಂಡು, ದಾರಿಯುದ್ದಕ್ಕೂ ಅವರಿಗಿಂತ ಮುಂದೆ ನಡೆದೆ.

ಮನೆಯಲ್ಲಿ ಕೋಳಿ ಸಾರಿನ ಘಮ. ತೆರೆಸಿ ಗೋಡೆಗೆ ಒರಗಿ ಚಾಪೆಯ ಮೇಲೆ ಕುಳಿತಿದ್ದಳು.

"ಏಳೇ ತೆರೆಸಿ. ನಲ್ವತ್ತು ದಿನ ನಿನಗೇಂತ ಬಸ್ಕಿ ಹೊಡ್ದಿವ್ನಿ. ಈಗ ನಿನ್ ಕಾಲು ನಿಲ್ತವೆ."

"ನಿಜ್ವಾಗ್ಲೂ?"

"ದೇವ್ರಾಣೆ."

ಅವಳು ಎರಡೂ ಕೈ ಚಾಚಿದಳು. ನಾನು ಎತ್ತಿ ನಿಲ್ಲಿಸಿದೆ. "ಅವ್ವಾ, ನೋಡು ಬಾ!" ಎಂದು ಕೂಗಿ ನಕ್ಕಳು. ಹಿಡಿದುಕೊಂಡೇ ಇದ್ದರೆ ನಂಬಿಕೆ ಸಾಲದು ಎನಿಸಿತು. ಕೈ ಬಿಟ್ಟೆ.

ಅವಳ ಹಣೆ ಒರಳುಕಲ್ಲಿಗೆ ಬಡಿಯಿತು. ಅವ್ವ ಓಡಿಬಂದು, "ಏನ್ ಮಾಡ್ದ್ಲಾ ಪಾಪಿ!" ಎಂದು ಸೆರಗಿನಿಂದ ರಕ್ತ ಒತ್ತಿ ಹಿಡಿದಳು. ತೆರೆಸಿ ಅವ್ವನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತ, "ಯಾಕಣ್ಣ ಬುಟ್ಬುಟ್ಟೆ?" ಎಂದಳು.

ರಜೆ ಮುಗಿದು ಹಿಂತಿರುಗಿದ ದಿನವೇ ಮೇಷ್ಟ್ರ ಎದುರು ಹೋಗಿ ನಿಂತೆ. ಎಲ್ಲ ಹೇಳಿ, "ಭಾನುವಾರಾನೂ ಮಾಡಿದ್ದು ತಪ್ಪಾಯ್ತಾ ಮೇಷ್ಟ್ರೇ?" ಎಂದು ಕೇಳಿದೆ.

"ಲೋ ಮಗಾ, ನಿಮ್ ಮೈ ಗಟ್ಟಿಯಾಗ್ಲಿ ಅಂತ ಹಂಗಂದೆ ಕಣ್ಲಾ," ಎಂದರು. "ಅಷ್ಟೇಯ."

ಮೈ ಗಟ್ಟಿಯಾಯಿತು. ಎಂಬತ್ತು ದಾಟಿದರೂ ಕೋಲಿಲ್ಲದೆ ನಡೆಯುತ್ತೇನೆ. ಪೂಜೆ ಒಂದು ದಿನವೂ ತಪ್ಪಿಸಿಲ್ಲ. ಎಲ್ಲರೂ ಎದ್ದಾಗ ಏಳುತ್ತೇನೆ, ಮೊಣಕಾಲೂರುವಾಗ ಊರುತ್ತೇನೆ. ಆದರೆ ಬೇಡಿಕೆಯ ಹೊತ್ತಿಗೆ ನನ್ನ ಬಾಯಲ್ಲಿ ಏನೂ ಬರುವುದಿಲ್ಲ. ಆ ಈಸ್ಟರಿನ ನಂತರ ದೇವರಲ್ಲಿ ನಾನು ಯಾವುದನ್ನೂ ಕೇಳಿಲ್ಲ.

ತೆರೆಸಿ ಮುದುಕಿಯಾಗುವ ತನಕ ನನ್ನ ಮನೆಯಲ್ಲೇ ಇದ್ದಳು, ನೆಲದ ಮೇಲೆಯೇ. ನನ್ನ ಮೇಲೆ ಅವಳಿಗೆ ಕೋಪವೇನೂ ಇರಲಿಲ್ಲ, ನಗುತ್ತಿದ್ದಳು, ಹರಟುತ್ತಿದ್ದಳು. ಯಾರಾದರೂ ಎತ್ತಿ ಹೊಸ್ತಿಲು ದಾಟಿಸಬೇಕಾದಾಗ ಮಾತ್ರ, ನಾನು ಪಕ್ಕದಲ್ಲೇ ನಿಂತಿದ್ದರೂ, ಹಿತ್ತಲಿನಲ್ಲಿದ್ದ ನನ್ನ ಹೆಂಡತಿಯನ್ನು ಕೂಗಿ ಕಾಯುತ್ತಿದ್ದಳು.